ಬೆಳ್ಳಿಯ ಲೇಪವಿದ್ದರೆ ಸೋಂಕು ತಪ್ಪುವುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಆಸ್ಪತ್ರೆಯಲ್ಲಿ ತಗಲುವ ಸೋಂಕುಗಳನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆಯುವಾಗ, ಬೆಳ್ಳಿ, ತಾಮ್ರ ಮುಂತಾದ ಲೋಹಗಳ ಲೇಪವಿರುವ ವೈದ್ಯಕೀಯ ಸಾಧನಗಳ ಬಗ್ಗೆ ಒಂದೇ ಒಂದು ವಾಕ್ಯವನ್ನು ಬರೆದಿದ್ದೆ. ಆ ವಾಕ್ಯಕ್ಕೆ ಬಂದಷ್ಟು ಪತ್ರಗಳು ಉಳಿದ ಇಡೀ ಬರಹಕ್ಕೆ ಬಂದಿಲ್ಲ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿರುವವರು, ವಿದ್ಯಾರ್ಥಿಗಳು, ಶುಶ್ರೂಷಕಿಯರು ಎಲ್ಲರೂ ಬರೆದಿದ್ದಾರೆ. ಹೀಗಾಗಿ ಈ ಸಲದ ಪುಟಗಳನ್ನು ಪೂರ್ತಿಯಾಗಿ ಈ ವಿಷಯಕ್ಕೇ ಬಿಟ್ಟಿದ್ದೇನೆ.

*ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟಿಕೊಂಡದ್ದರಿಂದ ಎರಡು ತಿಂಗಳಿಂದ ಮೂತ್ರದ ಪೈಪು ಹಾಕಿದ್ದಾರೆ. ಎರಡು ಸಲ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಬೆಳ್ಳಿ ಲೇಪಿಸಿದ ಪೈಪು ಹಾಕಿಸಿದರೆ ಸೋಂಕೇ ಆಗುವುದಿಲ್ಲವೆಂದು ಸರ್ಜಿಕಲ್ ಅಂಗಡಿಯವರು ಹೇಳುತ್ತಾರೆ. ಬೆಲೆ ಮಾಮೂಲು ಪೈಪಿಗಿಂತ ಹಲವು ಪಟ್ಟು ಹೆಚ್ಚು. ಕೊಳ್ಳಬಹುದೇ? (ದಾವಣಗೆರೆಯ ಓದುಗರೊಬ್ಬರು)*

ಕೊಳ್ಳುವುದು ಬೇಡ ಎಂಬುದೇ ನನ್ನ ಸಲಹೆ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ಪ್ರಶ್ನೆಗಳಿಗೂ ಅದೇ ಬುನಾದಿ.

ಊರ ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲಿಟ್ಟಾಗ ಜಾರುವ ಲೋಳೆಯನ್ನು ನೀವು ನೋಡಿರುತ್ತೀರಿ. ನೀರಿನಲ್ಲಿ ತೇಲಾಡುತ್ತಿದ್ದ ಸೂಕ್ಷ್ಮಜೀವಿಗಳು ಕಲ್ಲಿಗೆ ಅಂಟಿಕೊಂಡು, ತಮ್ಮ ಸುತ್ತ ಅಂಟನ್ನು ಸುರಿಸಿಕೊಂಡು, ಒಂದರ ಮೇಲೊಂದು ನೆಲೆಯಾದಾಗ ಆ ಪದರ ಉಂಟಾಗುತ್ತದೆ. ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ದೇಹದೊಳಗೆ ಇಟ್ಟ ಯಾವುದೇ ಪರವಸ್ತುವಿನ ಮೇಲೆ, ಅದು ಮೂತ್ರದ ನಳಿಕೆಯಾಗಲಿ, ರಕ್ತನಾಳದ ನಳಿಕೆಯಾಗಲಿ, ಕೃತಕ ಕೀಲಾಗಲಿ, ಬ್ಯಾಕ್ಟೀರಿಯಾಗಳು ಇದೇ ರೀತಿ ಮನೆ ಮಾಡುತ್ತವೆ. ಪದರದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾವನ್ನು ಕೊಲ್ಲಲು, ಬಿಡಿಯಾಗಿ ತೇಲುವ ಅದೇ ಬ್ಯಾಕ್ಟೀರಿಯಾಕ್ಕೆ ಸಾಕಾಗುವುದಕ್ಕಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಸಾಂದ್ರತೆಯ ಆಂಟಿಬಯಾಟಿಕ್ ಬೇಕಾಗುತ್ತದೆ. ಪರವಸ್ತು ಇದ್ದೆಡೆ ಸೋಂಕು ಎಷ್ಟು ಸುಲಭವಾಗಿ ಹತ್ತುತ್ತದೆ ಎಂಬುದನ್ನು ಎಲೆಕ್ ಮತ್ತು ಕೋನೆನ್ ಎಂಬ ಸಂಶೋಧಕರು 1957ರಲ್ಲೇ ತೋರಿಸಿದ್ದರು. ಸ್ವಯಂಸೇವಕರ ಚರ್ಮಕ್ಕೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಚುಚ್ಚಿದರೆ ಕೀವಾಗಲು ಅವು ಲಕ್ಷಗಟ್ಟಲೆ ಬೇಕಾಗುತ್ತಿದ್ದವು. ಅಲ್ಲೊಂದು ರೇಷ್ಮೆಯ ಹೊಲಿಗೆ ಇದ್ದರೆ ಅದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲೇ ಸಾಕಾಗುತ್ತಿತ್ತು.

ಮೂತ್ರದ ನಳಿಕೆ ಹಾಕಿದ ಮೇಲೆ ಪ್ರತಿದಿನವೂ ನೂರರಲ್ಲಿ ಮೂರರಿಂದ ಏಳು ಮಂದಿಯ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುತ್ತದೆ. ಒಂದು ತಿಂಗಳು ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಇರುತ್ತದೆ. ನಿಮ್ಮ ತಂದೆಯವರ ವಿಷಯದಲ್ಲಿ ಆ ಹಂತ ದಾಟಿಯಾಗಿದೆ. ಇನ್ನು ಬೆಳ್ಳಿಯ ನಳಿಕೆ. ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೆಳ್ಳಿಯ ಮಿಶ್ರಲೋಹದ ಲೇಪವಿದ್ದ ನಳಿಕೆ ಹಾಕಿದವರಲ್ಲಿ ಶೇ 12.5 ಮಂದಿಗೆ ಚಿಕಿತ್ಸೆ ಬೇಕಾಗುವಂಥ ಮೂತ್ರದ ಸೋಂಕು ಆಯಿತು. ಸೂಕ್ಷ್ಮಾಣುನಾಶಕ ಲೇಪವಿಲ್ಲದ ಮಾಮೂಲು ನಳಿಕೆ ಹಾಕಿದವರಲ್ಲಿ ಅದು ಶೇ 12.6. ವ್ಯತ್ಯಾಸವೇ ಇಲ್ಲವೆನ್ನಬೇಕು. ಅವರೆಲ್ಲರೂ ಕೆಲವೇ ದಿನಗಳ ಮಟ್ಟಿಗೆ, ಹೆಚ್ಚೆಂದರೆ ಎರಡು ವಾರ, ನಳಿಕೆ ಬೇಕಾಗಿದ್ದವರು ಎಂಬುದನ್ನು ಗಮನಿಸಿ. ಲೇಪ ಹೊಸತಾಗಿರುವ ದಿನಗಳಲ್ಲಿಯೇ ಕಾಣದ ಪ್ರಯೋಜನ, ಬೆಳ್ಳಿ ಕರಗುತ್ತಾ ಹೋಗಿ ಲೋಳೆ ಅದನ್ನು ಮುಚ್ಚಿಕೊಂಡ ತಿಂಗಳುಗಟ್ಟಲೆಯ ಬಳಕೆಯಲ್ಲಿ ಕಾಣುವುದೆಂದು ನಾನು ನಂಬಲಾರೆ.

ಆ ಹಣವನ್ನು ಬೇರೆ ಕಡೆ ಬಳಸಬಹುದು. ಲ್ಯಾಟೆಕ್ಸ್ ನಳಿಕೆ ಇದ್ದರೆ ಪೂರ್ತಿ ಸಿಲಿಕೋನಿನ ನಳಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಹೊರಗಿನ ಅಳತೆ ಒಂದೇ ಆದರೂ ಅದರ ಒಳದಾರಿ ದೊಡ್ಡದು, ಬೇಗ ಕಟ್ಟಿಕೊಳ್ಳುವುದಿಲ್ಲ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರವಾಗಿ, ಗಡಸು ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿಯ ಪದರ ಕಟ್ಟುವ ಹಾಗೆ ನಳಿಕೆಯೊಳಗೆ ಖನಿಜ ಕಟ್ಟುತ್ತದೆ. ನಾನು ಪ್ರಯೋಗಾಲಯದಲ್ಲಿ ಉದ್ದಕ್ಕೆ ಸೀಳಿ ನೋಡಿದ ಅಂಥ ಒಂದು ನಳಿಕೆಯ ಒಳದಾರಿಯಲ್ಲಿ ಹೊಲಿಗೆಯ ಸೂಜಿ ತೂರುವಷ್ಟೂ ಜಾಗ ಉಳಿದಿರಲಿಲ್ಲ. ಉಗುರಿನಿಂದ ಕೆರೆದರೆ ಸುಣ್ಣದ ಪುಡಿಯಂತೆ ಉದುರುತ್ತಿತ್ತು. ಇದರ ಮೇಲೆ ಬೆಳ್ಳಿ ಏನು ಮಾಡೀತು? ಮೂತ್ರ ಶೇಖರವಾಗುವ ಹೊರಗಿನ ಚೀಲ ಸದಾ ಮೂತ್ರಕೋಶದ ಮಟ್ಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ನಳಿಕೆ ಮತ್ತು ಚೀಲದ ಜೋಡಣೆಯನ್ನು ಮೇಲಿಂದ ಮೇಲೆ ಬಿಚ್ಚಬೇಡಿ. ಮುಟ್ಟುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯಿರಿ. ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ ಎಂಬಷ್ಟಕ್ಕೇ ಆಂಟಿಬಯಾಟಿಕ್ ಕೊಡಿಸಬೇಡಿ. ಚಳಿಜ್ವರ, ಪಕ್ಕೆನೋವು, ಮಂಕು ಕವಿಯುವುದು ಇದ್ದರೆ ಮಾತ್ರ ತಡಮಾಡದೆ ಕರೆದೊಯ್ಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ನಳಿಕೆಯನ್ನು ತೆಗೆಯುವ ದಾರಿ ಯಾವುದು ಎಂದು ಮೂತ್ರರೋಗ ತಜ್ಞರನ್ನು ಕೇಳಿ. ಔಷಧ, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ, ಅದಕ್ಕೆ ದೇಹಸ್ಥಿತಿ ಒಪ್ಪದಿದ್ದರೆ ದಿನಕ್ಕೆ ಕೆಲವು ಸಲ ಶುದ್ಧವಾದ ನಳಿಕೆ ತೂರಿಸಿ ಮೂತ್ರ ಬಸಿದು ತೆಗೆದುಬಿಡುವ ಕ್ರಮ ಇವೆಲ್ಲ ಇವೆ. ಎರಡು ತಿಂಗಳಾಯಿತು ಎಂದು ಬರೆದಿದ್ದೀರಿ. ಈ ಪ್ರಶ್ನೆಯನ್ನು ಈ ವಾರವೇ ಕೇಳಬೇಕು.

*ಪ್ರಶ್ನೆ: ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವುದು ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು. ತಾಮ್ರ ಕ್ರಿಮಿಗಳನ್ನು ಕೊಲ್ಲುವುದು ನಿಜವಾದರೆ ಆಸ್ಪತ್ರೆಯ ನಳಿಕೆ, ರಾಡುಗಳನ್ನೆಲ್ಲ ತಾಮ್ರದಲ್ಲೇ ಏಕೆ ಮಾಡಬಾರದು? (ಮೈಸೂರಿನ ನಿವೃತ್ತ ಶಿಕ್ಷಕಿ)*

ನಿಮ್ಮ ಮನೆಯ ರೂಢಿಗೆ ಗಟ್ಟಿಯಾದ ಆಧಾರವಿದೆ, ಮತ್ತು ಅದು ನಮ್ಮ ಬೆಂಗಳೂರಿನದೇ ಎಂದು ಹೇಳಲು ನನಗೆ ಸಂತೋಷವಾಗುತ್ತದೆ. ಬೆಂಗಳೂರಿನ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ನೀರಿಗೆ ಬೆರೆಸಿ ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಪರೀಕ್ಷಿಸಿದರೆ ಒಂದೂ ಬೆಳೆಯಲಿಲ್ಲ. ನೀರಿಗೆ ಇಳಿದಿದ್ದ ತಾಮ್ರದ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಬಹಳ ಕಡಿಮೆಯಿತ್ತು.

ಆದರೆ ನಿಮ್ಮ ಮನೆಯ ಹಿರಿಯರು ಇನ್ನೂ ಒಂದು ಮಾತನ್ನು ಹೇಳಿರುತ್ತಾರೆ: ತಾಮ್ರದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಡಬಾರದು, ಇಡಲೇಬೇಕಾದರೆ ಒಳಗೆ ಕಲಾಯಿ ಇರಬೇಕು. ಹುಳಿ ತಾಗಿದರೆ ತಾಮ್ರ ಅಳತೆ ಮೀರಿ ಕರಗುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಚೊಂಬು ಹೊಳೆಯುವುದೂ ಮೇಲಿನ ಪದರ ಕರಗಿಹೋಗುವುದರಿಂದಲೇ. ದೇಹದೊಳಗಿನ ಉಪ್ಪು ನೀರೂ ಲೋಹಕ್ಕೆ ಇದೇ ಗತಿ ತರುತ್ತದೆ. ಅಲ್ಲಿ ಹಲವು ವರ್ಷ ಇರಬೇಕಾದ ರಾಡನ್ನು ಶುದ್ಧ ತಾಮ್ರದಿಂದ ಮಾಡಿದರೆ ಅದು ಸವೆಯುತ್ತಾ ಹೋಗಿ, ಬಿಟ್ಟ ತಾಮ್ರ ಬ್ಯಾಕ್ಟೀರಿಯಾದೊಂದಿಗೆ ಸುತ್ತಲಿನ ಮಾಂಸ, ಮೂಳೆಯ ಕೋಶಗಳನ್ನೂ ಕೊಲ್ಲುತ್ತದೆ. ಸ್ವಲ್ಪ ತಾಮ್ರ ಕರಗುವುದೇ ಬೇಕಾಗಿರುವ ಒಂದು ಸಾಧನ ಮಾತ್ರ ನಮ್ಮ ದೇಶದ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಇದೆ: ಕುಟುಂಬ ಯೋಜನೆಯ ಕಾಪರ್-ಟಿ. ಅಲ್ಲಿ ಕರಗುವ ತಾಮ್ರದ ಕೆಲಸ ವೀರ್ಯಾಣುಗಳನ್ನು ತಡೆಯುವುದು.

ತಾಮ್ರಕ್ಕೆ ಹೆಚ್ಚು ಒಪ್ಪುವ ಜಾಗ ದೇಹದ ಹೊರಗಿದೆ. ಬಾಗಿಲ ಹಿಡಿ, ಹಾಸಿಗೆಯ ಕಂಬಿ, ಸಲೈನ್ ಸ್ಟ್ಯಾಂಡ್ ಇಂಥವಕ್ಕೆ ತಾಮ್ರದ ಮಿಶ್ರಲೋಹ ಬಳಸಬಹುದು. ಎರಡು ಗಂಟೆಯೊಳಗೆ ಶೇ 99.9 ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ ಎಂಬ ಆಧಾರದ ಮೇಲೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತಾಮ್ರದ ಮಿಶ್ರಲೋಹಗಳನ್ನು 2008ರಲ್ಲಿ ನೋಂದಾಯಿಸಿತು. ಹಾಗೆಂದು ತಾಮ್ರದ ಹಿಡಿಯನ್ನು ಒರೆಸದೆ ಬಿಡಬಹುದೆಂದು ಅರ್ಥವಲ್ಲ. ಕೊಳೆ ಕಟ್ಟಿದ ತಾಮ್ರ ಬ್ಯಾಕ್ಟೀರಿಯಾವನ್ನು ಮುಟ್ಟುವುದೇ ಇಲ್ಲ.

*ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಬೆಳ್ಳಿಯ ಲೇಪವನ್ನು ಹೇಗೆ ಹಾಕುತ್ತಾರೆ? ಪ್ರಯೋಗಾಲಯದಲ್ಲಿ ಶೇ 99.9 ಎಂದು ತೋರಿಸುವ ಲೇಪಗಳು ರೋಗಿಯಲ್ಲಿ ಸೋಲುವುದು ಏಕೆ? ಬೆಳ್ಳಿಗೂ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತದೆಯೇ? (ಹುಬ್ಬಳ್ಳಿಯ ಓದುಗ)*

ಮೂರೂ ಒಳ್ಳೆಯ ಪ್ರಶ್ನೆಗಳು. ಎರಡನೆಯದರಲ್ಲೇ ಈ ಇಡೀ ವಿಷಯದ ತಿರುಳಿದೆ.

ಹಾಕುವ ವಿಧಾನಗಳು ಹಲವು. ಲೋಹದ ಸಾಧನವಾದರೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡಬಹುದು. ನಿರ್ವಾತ ಕೋಣೆಯಲ್ಲಿ ಆರ್ಗಾನ್ ಅನಿಲದ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳನ್ನು, ಬೆಳ್ಳಿಯ ತಗಡಿಗೆ ಬಡಿಸಿ, ಸಿಡಿದ ಪರಮಾಣುಗಳು ಸಾಧನದ ಮೇಲೆ ಕೂರುವಂತೆ ಮಾಡಬಹುದು. ಅದಕ್ಕೆ ಸ್ಪಟರಿಂಗ್ ಎಂದು ಹೆಸರು. ರಬ್ಬರು, ಸಿಲಿಕೋನಿನಂಥ ಬಾಗುವ ನಳಿಕೆಗಳಿಗೆ ಬೆಳ್ಳಿ ಬೆರೆಸಿದ ಜೆಲ್ಲಿನ ಪದರ ಕೊಡುತ್ತಾರೆ. ಕಲಾಯಿಯವನು ಕಾದ ಪಾತ್ರೆಗೆ ನವಸಾಗರ ಉಜ್ಜಿ ತವರ ಬಳಿಯುವಾಗ ಲೋಹ ಊಟಕ್ಕೆ ಇಳಿಯದಿರಲಿ ಎಂಬುದು ಉದ್ದೇಶ. ಬೆಳ್ಳಿಯ ಲೇಪದ ಉದ್ದೇಶ ಅದಕ್ಕೆ ಪೂರ್ತಿ ವಿರುದ್ಧ: ಲೋಹ ಕರಗಬೇಕು, ಆದರೆ ಲೆಕ್ಕವಿಟ್ಟು ಕರಗಬೇಕು. ಘನ ಬೆಳ್ಳಿ ತಾನಾಗಿ ಏನನ್ನೂ ಕೊಲ್ಲುವುದಿಲ್ಲ. ಅದರ ಮೇಲ್ಮೈ ಉತ್ಕರ್ಷಣಗೊಂಡು ಬಿಡುಗಡೆಯಾಗುವ ಅಯಾನುಗಳು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು, ಅದರ ಉಸಿರಾಟದ ಕಿಣ್ವಗಳನ್ನು ಕೆಡಿಸಿ, ಹೊರಪೊರೆಯನ್ನು ಸಡಿಲಗೊಳಿಸುತ್ತವೆ. ಅಯಾನು ತೀರ ಕಡಿಮೆಯಾದರೆ ಬ್ಯಾಕ್ಟೀರಿಯಾ ಉಳಿಯುತ್ತದೆ, ಹೆಚ್ಚಾದರೆ ನಮ್ಮ ಕೋಶಗಳೂ ಸಾಯುತ್ತವೆ. ಇವೆರಡರ ನಡುವಿನ ಕಿರಿದಾದ ದಾರಿಯಲ್ಲಿ, ವಾರಗಟ್ಟಲೆ, ಒಂದೇ ಸಮನೆ ಬೆಳ್ಳಿಯನ್ನು ಬಿಡುವ ಲೇಪವನ್ನು ಮಾಡುವುದೇ ನಿಮ್ಮ ವಿಭಾಗದವರ ಮುಂದಿರುವ ಕೆಲಸ.

ಪ್ರಯೋಗಾಲಯದ ಸಂಖ್ಯೆಯ ಬಗ್ಗೆ ಹೇಳುವುದಾದರೆ, ಬಹಳಷ್ಟು ಉತ್ಪನ್ನಗಳ ಶೇ 99.9 ಎಂಬ ಮಾತು ಐಎಸ್‌ಒ 22196 ಎಂಬ ಪರೀಕ್ಷೆಯಿಂದ ಬಂದಿರುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ಇರುವ ಕೆಲವು ಹನಿಗಳನ್ನು ಲೇಪದ ಮೇಲೆ ಹಾಕಿ, ತೆಳುವಾದ ಹಾಳೆ ಮುಚ್ಚಿ, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ 90ಕ್ಕೂ ಮೀರಿದ ತೇವಾಂಶದಲ್ಲಿ 24 ಗಂಟೆ ಇಡುತ್ತಾರೆ. ಬ್ಯಾಕ್ಟೀರಿಯಾಕ್ಕೆ ಕೊಡುವ ಆಹಾರದ್ರವವನ್ನು 500 ಪಟ್ಟು ತೆಳ್ಳಗಾಗಿಸಿರುತ್ತಾರೆ. ಪರೀಕ್ಷೆ ತಪ್ಪೇನಲ್ಲ, ಒಂದು ಲೇಪವನ್ನು ಇನ್ನೊಂದರೊಡನೆ ಹೋಲಿಸಲು ಅದು ಬೇಕು. ಆದರೆ ಅಲ್ಲಿ ರಕ್ತವಿಲ್ಲ, ಮೂತ್ರವಿಲ್ಲ, ಕಫವಿಲ್ಲ. ದೇಹದೊಳಗೆ ಸಾಧನವನ್ನು ಇಟ್ಟ ಗಳಿಗೆಯಲ್ಲೇ ಪ್ರೋಟೀನುಗಳು ಅದರ ಮೇಲೆ ಹಾಸಿಕೊಳ್ಳುತ್ತವೆ. ರಕ್ತದ್ರವದಲ್ಲಿ ಲೀಟರಿಗೆ ಸುಮಾರು 100 ಮಿಲಿಮೋಲ್ ಕ್ಲೋರೈಡ್ ಇರುತ್ತದೆ. ಅದು ಬೆಳ್ಳಿಯ ಅಯಾನನ್ನು ಹಿಡಿದು ಕರಗದ ಸಿಲ್ವರ್ ಕ್ಲೋರೈಡ್ ಮಾಡುತ್ತದೆ. ಉಳಿದದ್ದನ್ನು ಆಲ್ಬುಮಿನ್ ಪ್ರೋಟೀನು ಹಿಡಿದುಕೊಳ್ಳುತ್ತದೆ. ಸತ್ತ ಬ್ಯಾಕ್ಟೀರಿಯಾಗಳ ಪದರವೇ ಮುಂದೆ ಬರುವ ಬ್ಯಾಕ್ಟೀರಿಯಾಗಳಿಗೆ ಚಾಪೆಯಾಗುತ್ತದೆ. ನಿಮ್ಮ ಯೋಜನಾ ಕೆಲಸದಲ್ಲಿ ಲೇಪವನ್ನು ಪರೀಕ್ಷಿಸುವುದಾದರೆ ಶುದ್ಧ ದ್ರವದಲ್ಲಿ ಒಮ್ಮೆ, ರಕ್ತದ್ರವ ಬೆರೆಸಿ ಇನ್ನೊಮ್ಮೆ ಮಾಡಿ, ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಬರೆಯಿರಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಒಗ್ಗಿಕೊಳ್ಳುವಿಕೆ ನಿಜ. 1975ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ, ಗಾಯಗಳಿಗೆ ಹಚ್ಚುತ್ತಿದ್ದ ಸಿಲ್ವರ್ ನೈಟ್ರೇಟಿಗೆ ಬಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡಿತು. ಬೆಳ್ಳಿಯನ್ನು ಹಿಡಿದಿಡುವ ಮತ್ತು ಹೊರಕ್ಕೆ ಪಂಪು ಮಾಡುವ ಪ್ರೋಟೀನುಗಳ ವಂಶವಾಹಿಗಳು ಅದರ ಪ್ಲಾಸ್ಮಿಡ್‌ನಲ್ಲಿದ್ದವು, ಅಂದರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲಂಥ ಜಾಗದಲ್ಲಿದ್ದವು. ಆಂಟಿಬಯಾಟಿಕ್‌ಗಳಿಗೆ ಹೋಲಿಸಿದರೆ ಇದು ಅಪರೂಪ. ಆದರೂ ಕಾಲುಚೀಲ, ಟೂತ್‌ಬ್ರಷ್‌ಗಳಿಗೆಲ್ಲ ಬೆಳ್ಳಿ ಬೆರೆಸಿ ಮಾರುವುದನ್ನು ನಾನು ಒಪ್ಪುವುದಿಲ್ಲ.

ಬೆಳ್ಳಿಯನ್ನೇ ನೆಚ್ಚದ ದಾರಿಗಳೂ ಇವೆ. ಗ್ಯಾಲಿಯಮ್ ಎಂಬ ಲೋಹವನ್ನು ಬ್ಯಾಕ್ಟೀರಿಯಾ ಕಬ್ಬಿಣವೆಂದು ತಿಳಿದು ಒಳಗೆ ಎಳೆದುಕೊಳ್ಳುತ್ತದೆ, ಆದರೆ ಕಬ್ಬಿಣದ ಕೆಲಸ ಅದರಿಂದ ಆಗದು. ಕೊಡತಿ ಹುಳುವಿನ ರೆಕ್ಕೆ, ಜೀರುಂಡೆಯ ರೆಕ್ಕೆಗಳ ಮೇಲಿನ ಸೂಕ್ಷ್ಮ ಮುಳ್ಳುಗಳು ತಮ್ಮ ಮೇಲೆ ಕೂತ ಬ್ಯಾಕ್ಟೀರಿಯಾದ ಪೊರೆಯನ್ನೇ ಹರಿದುಬಿಡುತ್ತವೆಂದು ಆಸ್ಟ್ರೇಲಿಯಾದ ಸಂಶೋಧಕರು ಸುಮಾರು 2012ರಿಂದ ತೋರಿಸುತ್ತಾ ಬಂದಿದ್ದಾರೆ. ಟೈಟಾನಿಯಮ್ ಮೇಲೆ ಅಂಥ ಮುಳ್ಳುಗಳನ್ನು ಕೆತ್ತುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನಡೆದಿದೆ. ಹುಬ್ಬಳ್ಳಿಯಿಂದ ಅದು ದೂರವೇನಲ್ಲ.

*ಪ್ರಶ್ನೆ: ಬೆಳ್ಳಿಯ ನೀರು ಎಂದು ಸೀಸೆಯಲ್ಲಿ ಮಾರುತ್ತಾರೆ. ದಿನಾ ಕುಡಿದರೆ ಸೋಂಕು ಬರುವುದಿಲ್ಲವಂತೆ, ನಿಜವೇ? (ತುಮಕೂರಿನ ಓದುಗರು)*

ನಿಜವಲ್ಲ, ಕುಡಿಯಬೇಡಿ. ದೇಹ ಸೇರಿದ ಬೆಳ್ಳಿ ಚರ್ಮದಲ್ಲಿ ನಿಂತು ಅದನ್ನು ಬೂದುನೀಲಿ ಮಾಡುತ್ತದೆ, ಆ ಬಣ್ಣ ಮತ್ತೆ ಹೋಗುವುದಿಲ್ಲ. ಅಂಗಡಿಯಲ್ಲಿ ಔಷಧವೆಂದು ಮಾರುವ ಬೆಳ್ಳಿಯ ನೀರು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1999ರಲ್ಲೇ ಹೇಳಿದೆ.

*ಪ್ರಶ್ನೆ: ನನಗೆ ಕೃತಕ ಹೃದಯ ಕವಾಟ ಹಾಕುವವರಿದ್ದಾರೆ. ಕವಾಟಕ್ಕೆ ಸೋಂಕು ತಗಲಿದರೆ ಪ್ರಾಣಕ್ಕೇ ಅಪಾಯವೆಂದು ಓದಿದೆ. ಬೆಳ್ಳಿ ಲೇಪಿಸಿದ ಕವಾಟ ಸಿಗುತ್ತದೆಯೇ? (ಉಡುಪಿಯ ಓದುಗರು)*

ಅಂಥ ಕವಾಟ ಒಂದು ಕಾಲದಲ್ಲಿ ಇತ್ತು, ಈಗ ಇಲ್ಲ. ಏಕೆ ಇಲ್ಲವೆಂಬುದನ್ನು ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಗೂ ಹೇಳಿಕೊಡಬೇಕೆಂದು ನಾನು ಬಯಸುತ್ತೇನೆ.

ಲೋಹದ ಕವಾಟದ ಸುತ್ತ ಪಾಲಿಯೆಸ್ಟರ್ ಬಟ್ಟೆಯ ಒಂದು ಉಂಗುರವಿರುತ್ತದೆ. ಶಸ್ತ್ರವೈದ್ಯರು ಹೊಲಿಗೆ ಹಾಕುವುದು ಅದಕ್ಕೆ. ವಾರಗಳು ಕಳೆದ ಹಾಗೆ ಹೃದಯದ ಅಂಗಾಂಶ ಆ ಬಟ್ಟೆಯೊಳಗೆ ಬೆಳೆದು ಕವಾಟವನ್ನು ಭದ್ರಪಡಿಸುತ್ತದೆ. ಸೋಂಕು ಬೇರೂರುವುದೂ ಹೆಚ್ಚಾಗಿ ಅಲ್ಲೇ. ಸೇಂಟ್ ಜೂಡ್ ಮೆಡಿಕಲ್ ಸಂಸ್ಥೆ ಆ ಬಟ್ಟೆಗೆ ಬೆಳ್ಳಿ ಲೇಪಿಸಿ, ಸಿಲ್‌ಜೋನ್ ಎಂಬ ಹೆಸರಿನಲ್ಲಿ 1997ರಲ್ಲಿ ಮಾರುಕಟ್ಟೆಗೆ ತಂದಿತು. ಯೋಚನೆ ತರ್ಕಬದ್ಧವಾಗಿತ್ತು, ಪ್ರಯೋಗಾಲಯದ ಫಲಿತಾಂಶಗಳೂ ಅದಕ್ಕೆ ಒಪ್ಪುವಂತಿದ್ದವು. ಜಗತ್ತಿನಾದ್ಯಂತ ಸುಮಾರು 36,000 ಜನರಿಗೆ ಅದನ್ನು ಹಾಕಿದರು. 4,400 ರೋಗಿಗಳನ್ನು ಸೇರಿಸಿಕೊಂಡು ಬೆಳ್ಳಿ ಇರುವ ಕವಾಟವನ್ನೂ ಇಲ್ಲದ ಕವಾಟವನ್ನೂ ಹೋಲಿಸುವ ಅಧ್ಯಯನವೊಂದು 1998ರಲ್ಲಿ ಆರಂಭವಾಯಿತು. 807 ಮಂದಿ ಸೇರುವಷ್ಟರಲ್ಲಿ, 2000ದ ಜನವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಕವಾಟವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಬೆಳ್ಳಿ ಇದ್ದವರಲ್ಲಿ ಕವಾಟದ ಅಂಚಿನಿಂದ ರಕ್ತ ಸೋರಿ, ಮತ್ತೆ ಎದೆ ತೆರೆದು ಕವಾಟ ತೆಗೆಯಬೇಕಾದ ಸಂದರ್ಭಗಳು ಹೆಚ್ಚಾಗಿದ್ದವು. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಬೇಕಾಗಿದ್ದ ಬೆಳ್ಳಿ, ಬಟ್ಟೆಯೊಳಗೆ ಬೆಳೆಯಬೇಕಾಗಿದ್ದ ರೋಗಿಯದೇ ಅಂಗಾಂಶವನ್ನೂ ತಡೆದಿತ್ತೆಂಬುದು ಇದಕ್ಕೆ ಕೊಡುವ ವಿವರಣೆ.

ಸಾಧನದ ಮೇಲ್ಮೈ ಯಾರದಾಗಬೇಕು ಎಂಬುದಕ್ಕೆ ಓಟದ ಪಂದ್ಯವೇ ನಡೆಯುತ್ತದೆ ಎಂದು ಗ್ರಿಸ್ಟಿನಾ ಎಂಬ ಮೂಳೆ ಶಸ್ತ್ರವೈದ್ಯರು 1987ರಲ್ಲಿ ಬರೆದಿದ್ದರು. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿಯುವುದನ್ನು ನೆನೆದರೆ ಅದು ತಟ್ಟನೆ ಅರ್ಥವಾಗುತ್ತದೆ. ದೇಹದ ಕೋಶ ಮೊದಲು ಕೂತರೆ ಬ್ಯಾಕ್ಟೀರಿಯಾಕ್ಕೆ ಜಾಗವಿಲ್ಲ, ಬ್ಯಾಕ್ಟೀರಿಯಾ ಮೊದಲು ಕೂತರೆ ಏಳಿಸುವುದು ಕಷ್ಟ. ಯಾರೂ ಕೂರದ ಹಾಗೆ ಮಾಡುವ ಲೇಪದಿಂದ ಕವಾಟಕ್ಕೆ ಉಪಯೋಗವಿಲ್ಲ.

ನಿಮಗೆ ಬೇಕಾದ ರಕ್ಷಣೆ ಬೇರೆ ಕಡೆ ಇದೆ. ಶಸ್ತ್ರಚಿಕಿತ್ಸೆಗೆ ಮೊದಲು ದಂತವೈದ್ಯರಿಗೆ ತೋರಿಸಿ ಹುಳುಕು ಹಲ್ಲುಗಳಿಗೆ ಚಿಕಿತ್ಸೆ ಮಾಡಿಸಿಕೊಳ್ಳಿ. ಆಮೇಲೆ ಜೀವನವಿಡೀ, ಹಲ್ಲು ಕೀಳಿಸುವಂಥ ಚಿಕಿತ್ಸೆಗೆ ಮೊದಲು ನಿಮಗೆ ಕೃತಕ ಕವಾಟವಿದೆಯೆಂದು ಹೇಳಿ ಆಂಟಿಬಯಾಟಿಕ್ ಪಡೆಯಿರಿ. ಕಾರಣ ತಿಳಿಯದ ಜ್ವರ ಬಂದಾಗ ರಕ್ತದ ಕಲ್ಚರ್‌ಗೆ, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆಗೆ, ಕೊಡುವ ಮೊದಲು ಯಾವ ಆಂಟಿಬಯಾಟಿಕ್ ಮಾತ್ರೆಯನ್ನೂ ನುಂಗಬೇಡಿ.

*ಪ್ರಶ್ನೆ: ನಾನು ಐಸಿಯುವಿನಲ್ಲಿ ಶುಶ್ರೂಷಕಿ. ವೆಂಟಿಲೇಟರ್ ರೋಗಿಗಳಿಗೆ ಬೆಳ್ಳಿ ಲೇಪದ ಉಸಿರಾಟದ ನಳಿಕೆಗಳನ್ನು ತರಿಸಬೇಕೆಂದು ಚರ್ಚೆ ನಡೆದಿದೆ. ನನ್ನ ಅಭಿಪ್ರಾಯ ಕೇಳಿದ್ದಾರೆ. (ಮಂಗಳೂರಿನ ಓದುಗರು)*

ಅಭಿಪ್ರಾಯವನ್ನು ನಿಮ್ಮಲ್ಲಿ ಕೇಳಿದ್ದಾರೆಂಬುದೇ ಒಳ್ಳೆಯ ಸುದ್ದಿ, ಏಕೆಂದರೆ ನಳಿಕೆಯ ಪಕ್ಕದಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಇರುವವರು ನೀವು.

ಮೂತ್ರದ ನಳಿಕೆಗಿಂತ ಇಲ್ಲಿ ಬೆಳ್ಳಿಯ ಪರವಾಗಿ ಹೇಳಲು ಸ್ವಲ್ಪ ಹೆಚ್ಚಿದೆ. ಉತ್ತರ ಅಮೆರಿಕದಲ್ಲಿ ಸುಮಾರು 2,000 ರೋಗಿಗಳನ್ನು ಸೇರಿಸಿಕೊಂಡು ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಗಂಟೆಗಿಂತ ಹೆಚ್ಚು ನಳಿಕೆ ಇದ್ದವರ ಪೈಕಿ ವೆಂಟಿಲೇಟರ್ ನ್ಯುಮೋನಿಯಾ ಮಾಮೂಲು ನಳಿಕೆಯವರಲ್ಲಿ ಶೇ 7.5 ಮಂದಿಗೆ, ಬೆಳ್ಳಿಯ ನಳಿಕೆಯವರಲ್ಲಿ ಶೇ 4.8 ಮಂದಿಗೆ ಬಂತು. ಆದರೆ ಸಾವಿನ ಪ್ರಮಾಣದಲ್ಲಾಗಲಿ, ನಳಿಕೆ ಇಡಬೇಕಾದ ದಿನಗಳಲ್ಲಾಗಲಿ, ಐಸಿಯು ವಾಸದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರ ಪಕ್ಕದಲ್ಲಿ ಇನ್ನೊಂದು ಫಲಿತಾಂಶವನ್ನು ಇಟ್ಟು ನೋಡಿ. ಅದು ರಕ್ತನಾಳದ ನಳಿಕೆಗೆ ಸಂಬಂಧಿಸಿದ್ದು. ಅಮೆರಿಕದ ಮಿಚಿಗನ್ ರಾಜ್ಯದ 103 ಐಸಿಯುಗಳಲ್ಲಿ ಐದೇ ಕ್ರಮಗಳನ್ನು ಕಡ್ಡಾಯ ಮಾಡಿದರು: ಕೈ ತೊಳೆಯುವುದು, ನಳಿಕೆ ಹಾಕುವಾಗ ರೋಗಿಯನ್ನು ಪೂರ್ತಿ ಶುದ್ಧ ಹೊದಿಕೆಯಿಂದ ಮುಚ್ಚುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಾಣುನಾಶಕ ಬಳಿಯುವುದು, ಸಾಧ್ಯವಾದಷ್ಟು ತೊಡೆಸಂದಿನ ನಾಳವನ್ನು ಬಿಡುವುದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವುದು. ಒಂದೂವರೆ ವರ್ಷದೊಳಗೆ, ನಳಿಕೆ ಇದ್ದ ಪ್ರತಿ 1,000 ದಿನಗಳಿಗೆ ಸರಾಸರಿ 7.7 ಇದ್ದ ರಕ್ತದ ಸೋಂಕು 1.4ಕ್ಕೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಇದನ್ನು ಸಾಧಿಸಿದ್ದು ಯಾವ ಹೊಸ ಲೇಪವೂ ಅಲ್ಲ.

ನನ್ನ ಅನುಭವದ ಒಂದು ಘಟನೆಯನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ಐಸಿಯುವಿನಿಂದ ನಮ್ಮ ಪ್ರಯೋಗಾಲಯಕ್ಕೆ ರಕ್ತನಾಳದ ನಳಿಕೆಯ ತುದಿ ಬಂತು, ಸೂಕ್ಷ್ಮಾಣುನಾಶಕ ಲೇಪವಿದ್ದ ದುಬಾರಿ ನಳಿಕೆ. ಐದು ಸೆಂಟಿಮೀಟರಿನಷ್ಟು ತುದಿಯನ್ನು ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಉರುಳಿಸಿ ಇಟ್ಟೆ. 15 ಅಥವಾ ಅದಕ್ಕಿಂತ ಹೆಚ್ಚು ಗುಂಪುಗಳು ಬೆಳೆದರೆ ನಳಿಕೆಯಲ್ಲಿ ಬ್ಯಾಕ್ಟೀರಿಯಾ ನೆಲೆಯಾಗಿದೆ ಎಂದು ಲೆಕ್ಕ. ಮರುದಿನ ಬೆಳಿಗ್ಗೆ ತಟ್ಟೆ ತೆಗೆದರೆ, ನಳಿಕೆ ಉರುಳಿದ ಜಾಡಿನುದ್ದಕ್ಕೂ ರವೆ ಚೆಲ್ಲಿದ ಹಾಗೆ ಬಿಳಿಯ ಗುಂಪುಗಳು, ಎಣಿಸುವ ಹಾಗೇ ಇರಲಿಲ್ಲ. ಫೋನು ಮಾಡಿ ವಿಚಾರಿಸಿದಾಗ ತಿಳಿಯಿತು: ರೋಗಿ ನಾಲ್ಕನೆಯ ದಿನದಿಂದ ಬಾಯಿಯಲ್ಲೇ ಊಟ, ಮಾತ್ರೆ ತೆಗೆದುಕೊಳ್ಳುತ್ತಿದ್ದರು. ನಳಿಕೆಯನ್ನು ತೆಗೆದದ್ದು ಹನ್ನೊಂದನೆಯ ದಿನ, ಜ್ವರ ಬಂದ ಮೇಲೆ. ಒಳ್ಳೆಯ ನಳಿಕೆಯಲ್ಲವೇ, ಇರಲಿ ಎಂದುಕೊಂಡೆವು ಎಂದರು. ಆ ಮಾತು ನನ್ನನ್ನು ಇಂದಿಗೂ ಬಾಧಿಸುತ್ತದೆ. ಆ ಏಳು ದಿನಗಳಲ್ಲಿ ಆ ನಳಿಕೆಯಿಂದ ರೋಗಿಗೆ ಆಗಬೇಕಾದ ಕೆಲಸ ಯಾವುದೂ ಇರಲಿಲ್ಲ.

ಹೀಗಾಗಿ ಸಭೆಯಲ್ಲಿ ನೀವು ಮೊದಲು ನಿಮ್ಮ ಘಟಕದ ಲೆಕ್ಕ ಕೇಳಿ: 1,000 ವೆಂಟಿಲೇಟರ್ ದಿನಗಳಿಗೆ ಎಷ್ಟು ನ್ಯುಮೋನಿಯಾ? ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿಡುವುದು, ಬಾಯಿ ಶುಚಿ ಮಾಡುವುದು, ದಿನವೂ ಮಂಪರಿನ ಔಷಧ ತಗ್ಗಿಸಿ ತಾವೇ ಉಸಿರಾಡಬಲ್ಲರೇ ಎಂದು ನೋಡುವುದು ಇವೆಲ್ಲ ರಾತ್ರಿ ಪಾಳಿಯಲ್ಲೂ ತಪ್ಪದೆ ನಡೆಯುತ್ತಿವೆಯೇ? ಪಾಳಿಯಲ್ಲಿ ಒಬ್ಬ ಶುಶ್ರೂಷಕಿಗೆ ಎಷ್ಟು ರೋಗಿಗಳು? ಇವೆಲ್ಲ ಸರಿಯಿದ್ದೂ ಸೋಂಕು ಇಳಿಯದಿದ್ದರೆ ಬೆಳ್ಳಿಯ ನಳಿಕೆಯ ಮಾತು ಬರಲಿ. ಹಣ ಒಂದಕ್ಕೇ ಸಾಲುವುದಾದರೆ ಇನ್ನೊಬ್ಬ ಶುಶ್ರೂಷಕಿಯನ್ನು ನೇಮಿಸಿ ಎಂದು ಧೈರ್ಯವಾಗಿ ಹೇಳಿ.

*ಪ್ರಶ್ನೆ: ನನ್ನ ತಂಗಿಗೆ 19 ವರ್ಷ. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕ್ಯಾನ್ಸರ್ ಗಡ್ಡೆ. ಕಾಲು ಕತ್ತರಿಸದೆ, ಆ ಭಾಗದ ಮೂಳೆ ತೆಗೆದು ಲೋಹದ ಮೂಳೆ ಕೂರಿಸುತ್ತೇವೆ, ಬೆಳ್ಳಿ ಲೇಪಿಸಿದ್ದನ್ನು ಹಾಕುವುದು ಒಳ್ಳೆಯದು ಎಂದಿದ್ದಾರೆ. ಇದೂ ವ್ಯಾಪಾರದ ಮಾತೇ? ಮೈ ನೀಲಿಯಾಗುತ್ತದೆಯೇ? (ಬೆಂಗಳೂರಿನ ಓದುಗರು)*

ಅಲ್ಲ. ಮೇಲಿನ ಉತ್ತರಗಳನ್ನು ಓದಿ ನೀವು ಇದನ್ನೂ ತಳ್ಳಿಹಾಕಬಾರದೆಂದೇ ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ.

ನಿಮ್ಮ ತಂಗಿಯ ಸ್ಥಿತಿ ಬೇರೆ. ಕೂರಿಸುವ ಲೋಹ ದೊಡ್ಡದು, ಶಸ್ತ್ರಚಿಕಿತ್ಸೆ ದೀರ್ಘವಾದದ್ದು, ಮೊಣಕಾಲಿನ ಕೆಳಗೆ ಲೋಹವನ್ನು ಮುಚ್ಚಲು ಮಾಂಸ ಕಡಿಮೆ, ಕೀಮೋಥೆರಪಿಯಿಂದ ಬಿಳಿರಕ್ತಕಣಗಳು ಇಳಿದಿರುತ್ತವೆ. ಮಾಮೂಲು ಮೊಣಕಾಲು ಬದಲಾವಣೆಯಲ್ಲಿ ನೂರಕ್ಕೆ ಒಂದೆರಡು ಇರುವ ಸೋಂಕು ಇಲ್ಲಿ ಹಲವು ಪಟ್ಟು ಹೆಚ್ಚು, ಸೋಂಕಾದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯರು 2010ರಲ್ಲಿ ಪ್ರಕಟಿಸಿದಂತೆ, ತೊಡೆಮೂಳೆಯ ಮೇಲ್ಭಾಗ ಅಥವಾ ಮೊಣಕಾಲಿನ ಕೆಳಗಿನ ಮೂಳೆಯ ಕ್ಯಾನ್ಸರ್‌ಗೆ ಬೆಳ್ಳಿಯ ಲೇಪದ ಸಾಧನ ಹಾಕಿದ 51 ಮಂದಿಯಲ್ಲಿ 3 ಮಂದಿಗೆ, ಬರಿಯ ಟೈಟಾನಿಯಮ್ ಹಾಕಿದ 74 ಮಂದಿಯಲ್ಲಿ 13 ಮಂದಿಗೆ ಸೋಂಕಾಯಿತು. ಸೋಂಕಾದ ಆ 13 ಮಂದಿಯಲ್ಲಿ 5 ಮಂದಿಯ ಕಾಲು ತೆಗೆಯಬೇಕಾಯಿತು, ಬೆಳ್ಳಿಯ ಗುಂಪಿನಲ್ಲಿ ಯಾರಿಗೂ ಅದು ಬೇಕಾಗಲಿಲ್ಲ. ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ಮಾಡಿದ ಅಧ್ಯಯನ ಇದಲ್ಲ, ಸಂಖ್ಯೆಯೂ ಚಿಕ್ಕದು. ಹೀಗಾಗಿ ಇದನ್ನು ಕೊನೆಯ ಮಾತೆಂದು ನಾನು ಹೇಳುವುದಿಲ್ಲ. ಆದರೂ ನನ್ನ ಮನೆಯ ಮಗುವಾಗಿದ್ದರೆ ನಾನು ಬೆಳ್ಳಿಯನ್ನೇ ಕೇಳುತ್ತಿದ್ದೆ.

ಹೃದಯ ಕವಾಟದ ಪಾಠವನ್ನು ಇದನ್ನು ಮಾಡಿದವರು ಮರೆತಿಲ್ಲ ಎಂಬುದನ್ನೂ ಗಮನಿಸಿ. ಮೂಳೆಯೊಳಗೆ ಇಳಿಯುವ ಕಾಂಡಕ್ಕೆ ಬೆಳ್ಳಿ ಹಾಕುವುದಿಲ್ಲ, ಅಲ್ಲಿ ಮೂಳೆ ಲೋಹವನ್ನು ಅಪ್ಪಿಕೊಂಡು ಬೆಳೆಯಬೇಕು. ಕೀಲು ಉಜ್ಜುವ ಜಾಗಕ್ಕೂ ಹಾಕುವುದಿಲ್ಲ. ಮಾಂಸಕ್ಕೆ ತಾಗುವ ನಡುಭಾಗಕ್ಕೆ ಮಾತ್ರ ಲೇಪವಿರುತ್ತದೆ. ಇಡೀ ಮೈ ನೀಲಿಯಾಗುವ ಭಯ ಬೇಡ. ಸಾಧನದ ಮೇಲಿನ ಚರ್ಮದಲ್ಲಷ್ಟೇ ನಸುನೀಲಿ ಛಾಯೆ ಬಂದದ್ದು ಕೆಲವು ರೋಗಿಗಳಲ್ಲಿ ವರದಿಯಾಗಿದೆ, ಅದರಿಂದ ಬೇರೆ ತೊಂದರೆಯಾದದ್ದು ಕಂಡಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರನ್ನು ಮೂರು ವಿಷಯ ಕೇಳಿಕೊಳ್ಳಿ: ಲೇಪ ಯಾವ ಭಾಗಕ್ಕಿದೆ, ಲೋಹದ ಮೇಲೆ ಹೊದಿಸಲು ಮೀನಖಂಡದ ಸ್ನಾಯುವನ್ನು ತಿರುಗಿಸಿ ತರುತ್ತಾರೆಯೇ, ಮತ್ತು ಸಾಧನಕ್ಕೆ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ನಮ್ಮ ದೇಶದ ಪರವಾನಗಿ ಸಂಖ್ಯೆ ಇದೆಯೇ. ಪೊಟ್ಟಣದ ಮೇಲಿನ ಅಂಟುಚೀಟಿಯನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಲು ಹೇಳಿ, ಅದನ್ನು ಜೋಪಾನವಾಗಿಡಿ. ಮನೆಗೆ ಬಂದ ಮೇಲೆ ಗಾಯ ಕೆಂಪಾದರೆ, ಬಿಸಿಯಾದರೆ, ನೀರು ಒಸರಿದರೆ, ಎರಡು ದಿನ ನೋಡೋಣ ಎನ್ನದೆ ಅದೇ ದಿನ ಶಸ್ತ್ರಚಿಕಿತ್ಸೆ ಮಾಡಿದವರ ಬಳಿಗೇ ಕರೆದೊಯ್ಯಿರಿ.